ಬೆಲ್ಲದ ಓಲೆ

ರುಚಿ ತಿಳಿಸುವ ನರ ನಾಲಿಗೆಯಿಂದ ನೆಟ್ಟಗೆ ಮಿದುಳಿಗೆ ಹೋಗುತ್ತದೆ ಅಂತ ನಾನು ತಿಳಿದಿದ್ದೆ. ಹಾಗಲ್ಲವಂತೆ. ಅದು ನಾಲಿಗೆಯಿಂದ ಹೊರಟು, ಕಿವಿಯೊಳಗೆ ನುಸುಳಿ, ತಮಟೆಯ ಹಿಂದಿನಿಂದ ಹಾದು ಮೇಲಕ್ಕೆ ಹೋಗುತ್ತದೆ. ಕಿವಿಯಲ್ಲಿ ಆ ನರಕ್ಕೆ ಸಣ್ಣಗೆ ಕರೆಂಟು ಮುಟ್ಟಿಸಿದರೆ ಸಾಕು, ಬಾಯಲ್ಲಿ ಏನೂ ಇಲ್ಲದೆಯೇ ರುಚಿ ಹುಟ್ಟುತ್ತದೆ. ಇದನ್ನು ನನಗೆ ಹೇಳಿಕೊಟ್ಟವನು ನಿಂಗರಾಜ ಮಾಮಾ, ನನ್ನ ಅಕ್ಕ ದಾಕ್ಷಾಯಣಿಯ ಗಂಡ. 'ಹೇಳಿಕೊಟ್ಟವರು' ಅಂತ ಬರೆಯಬೇಕು. ಇಷ್ಟು ವರ್ಷ ಬಾಯ್ತುಂಬ ಹಾಗೇ ಅಂದಿದ್ದೇನೆ. ಈಗ ಕೈ ಏಳುವುದಿಲ್ಲ.

ಒಂಬತ್ತನೇ ಇಯತ್ತೆಯಲ್ಲಿ ಗಣಿತದ ಮಾಸ್ತರರ ಕೈಯಿಂದ ಬೆತ್ತ ಕಿತ್ತು ಮುರಿದು ಸಾಲಿ ಬಿಟ್ಟವನು ನಾನು. ಆಮೇಲೆ ನನ್ನನ್ನು ಮನುಷ್ಯನ ಲೆಕ್ಕಕ್ಕೆ ತಂದವನು ಮಾಮಾ. ಹುಬ್ಬಳ್ಳಿಯಲ್ಲಿ 'ಪ್ರಾಣಸೇತು' ಎಂಬ ಕಂಪನಿ. ಉಸಿರಿನ ರೋಗಿಗಳ ಮನೆಗೆ ಆಮ್ಲಜನಕದ ಯಂತ್ರ ಕೊಡುವುದು, ಆ ಯಂತ್ರಗಳನ್ನು ಒಂದು ಕೋಣೆಯಲ್ಲಿ ಕೂತು ಪರದೆಯ ಮೇಲೆ ಕಾಯುವುದು ಅದರ ಕೆಲಸ. ಮಾಮಾ ಅಲ್ಲಿ ಪ್ರೋಗ್ರಾಮ್ ಬರೆಯುವ ಎಂಜಿನಿಯರ್. ನನ್ನನ್ನು ರಿಪೇರಿಗೆ ಸೇರಿಸಿದ. ಯಂತ್ರ ಕೆಟ್ಟರೆ ಗಾಡಿ ಹತ್ತಿ ಓಡುವವನು ನಾನು.

ಮೊದಮೊದಲು ಯಂತ್ರ ಪೂರ್ತಿ ನಿಂತ ಮೇಲಷ್ಟೇ ಆಫೀಸಿನಲ್ಲಿ ದೊಡ್ಡ ಗಂಟೆ ಹೊಡೆಯುತ್ತಿತ್ತು. ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದರೆ ರೋಗಿಯ ಕತೆ ಮುಗಿದಂತೆ. ಒಂದು ಭಾನುವಾರ ಅಕ್ಕನ ಅಡುಗೆಮನೆಯ ನೆಲದ ಮೇಲೆ ಹಳೆಯ ಯಂತ್ರವೊಂದನ್ನು ಬಿಚ್ಚಿಕೊಂಡು ಕೂತಿದ್ದೆವು. ನಾನು ಅದರ ಪೈಪು ಚಿವುಟುವುದು, ಮಾಮಾ ಒತ್ತಡದ ಗೆರೆ ನೋಡುವುದು. ಯಂತ್ರ ನಿಲ್ಲುವುದಕ್ಕೆ ಬಹಳ ಮೊದಲೇ ಅದರ ಉಸಿರು ಭಾರವಾಗುತ್ತಿತ್ತು. ಹಾಗೆ ಭಾರವಾದ ಕೂಡಲೇ ನನ್ನ ಫೋನಿಗೆ ಸುದ್ದಿ ಬರುವಂತೆ ಮಾಮಾ ಬರೆದ.

"ಗಂಟಿ ಬಡದರ ಯಾರಿಗೆ ಗಾಬರಿ ಆಗ್ತೈತ್ರಿ? ದಿನಾ ನೂರಾ ಎಂಟು ಗಂಟಿ ಬಡೀತಾವು," ಅಂದಳು ಅಕ್ಕ, ರೊಟ್ಟಿ ಬಡಿಯುತ್ತ. "ಅವರವರ ದನೀನ ಇಡ್ರಿ. ಮನಶ್ಯಾರು ಕೂಗಿದರ ಮನಶ್ಯಾ ಏಳ್ತಾನ."

ಹಾಗಾಗಿ ನಾನು ಮನೆಮನೆಗೆ ಹೋಗಿ ಒಬ್ಬೊಬ್ಬರ ದನಿ ಹಿಡಿದುಕೊಂಡು ಬಂದೆ. ಅದಕ್ಕೆ ನಾವು 'ಮೊದಲ ಕೂಗು' ಅಂತ ಹೆಸರಿಟ್ಟೆವು. ಕೂಗು ಬಂದರೆ ನಾನು ಫೋನಿನಲ್ಲಿ 'ಹೊರಟೆ' ಅಂತ ಒತ್ತುವ ತನಕ ಅದು ನಿಲ್ಲುವುದಿಲ್ಲ. ಎಷ್ಟೋ ಜನ ಆ ಕೂಗಿನಿಂದ ಉಳಿದರು. ಮಾಮಾ ಮೀಸೆ ತಿರುವುತ್ತಿದ್ದ, ನಾನೂ ತಿರುವುತ್ತಿದ್ದೆ. ನನಗಿನ್ನೂ ಸರಿಯಾಗಿ ಮೀಸೆ ಇರಲಿಲ್ಲ, ಅದು ಬೇರೆ ಮಾತು.

ಹಳೇ ಹುಬ್ಬಳ್ಳಿಯ ಫಕೀರವ್ವ ಆಯಿಯ ಕೂಗು ಎಲ್ಲಕ್ಕಿಂತ ಜೋರು. ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಹರೆಯವೆಲ್ಲ ದುಡಿದು ಎದೆಯೊಳಗೆ ಅರಳೆ ತುಂಬಿಕೊಂಡವಳು. ಮಗಳು ಯಲ್ಲವ್ವನ ಜೊತೆ ಒಂದು ಖೋಲಿಯಲ್ಲಿದ್ದಳು. ನನ್ನ ಹೆಸರು ಯಮನೂರ. ಅದನ್ನು ಕೇಳಿದ ದಿನವೇ ಮೂಗಿನ ನಳಿಕೆ ಅಲ್ಲಾಡುವಷ್ಟು ನಕ್ಕಿದ್ದಳು. "ಎಲ್ಲಾರ ಮನಿಗೆ ಯಮಾ ಬಂದರ ಉಸಿರು ಒಯ್ತಾನ. ನಮ್ಮ ಮನಿ ಯಮಾ ನೋಡ್ರೆವಾ, ಉಸಿರು ಹೊತಗೊಂಡು ಬಂದಾನ!"

ಪ್ರತಿ ಸಲ ಹೋದಾಗಲೂ ಕಸುಬಿನ ಪದ್ಧತಿಯಂತೆ ನಾನು ಪೈಪು ಚಿವುಟಿ ನೋಡುತ್ತಿದ್ದೆ. ಕೂಡಲೇ ನನ್ನ ಜೇಬಿನಿಂದ ಅವಳದೇ ದನಿ: "ಬಾರೋ ಯಮನ್ಯಾ, ಉಸಿರ ಸಾಲವಲ್ತು!" ಅವಳು ತನ್ನ ದನಿಗೆ ತಾನೇ ಉತ್ತರ ಕೊಡುವಳು: "ಬಂದಾನ ತಗೋ, ಬಡಕೋಬ್ಯಾಡ."

ಇದು ನಮ್ಮ ಕೆಲಸವಾಗಿತ್ತು. ಇದಕ್ಕೆ ರುಚಿ ಬೇಕಾಗಿರಲಿಲ್ಲ.

*

ಓಲೆ ತಂದವಳು ವಸುಧಾ ಮೇಡಂ, ಕಂಪನಿಯ ಹೊಸ ಮುಖ್ಯಸ್ಥೆ. ಎಲ್ಲರನ್ನೂ ಪರದೆಗಳ ಕೋಣೆಯಲ್ಲಿ ಸೇರಿಸಿದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ.

"ನಿಮ್ಮಲ್ಲಿ ಸ್ಕಿಲ್ ಇಲ್ಲ ಅಂತ ಯಾರೂ ಹೇಳ್ತಿಲ್ಲ," ಅಂದಳು. "ಆದ್ರೆ ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು ಅನ್ನೋ ಹಾಗಾಗಿದೆ. ನಿಮ್ಮ ಕೌಶಲ ಒಂದ್ ಕಡೆ, ಕಂಪನಿಯ ಗುರಿ ಇನ್ನೊಂದ್ ಕಡೆ. ಇನ್ಮೇಲೆ ಎರಡೂ ಒಂದೇ ಕಡೆ ಹೋಗುತ್ತೆ."

"ಮೇಡಂ, ನಾವು ಎತ್ತೋ ಕೋಣಾನೋ ಅಷ್ಟು ಹೇಳಿಬಿಡ್ರಿ," ಅಂತ ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ಮೇಡಮ್ಮೂ ನಕ್ಕಳು.

ಓಲೆ ಅಂದರೆ ಕಡಲೆಕಾಳಿನಷ್ಟು ದೊಡ್ಡ ಗುಂಡಿ. ಕಿವಿಯೊಳಗೆ ಕೂರುತ್ತದೆ. ಕಂಪನಿಗೆ ಈ ದಿನ ಏನು ಬೇಕು ಎಂಬುದನ್ನು ಮೇಡಂ ಮುಂಜಾನೆ ಒಂದು ದೊಡ್ಡ ಕಂಪ್ಯೂಟರಿಗೆ ಹೇಳುತ್ತಾಳೆ. ಎಂಜಿನಿಯರ್ ಬರೆಯುವ ಒಂದೊಂದು ಸಾಲನ್ನೂ ಅದು ಆ ಗುರಿಯ ಜೊತೆ ತಾಳೆ ನೋಡುತ್ತದೆ. ಸಾಲು ಗುರಿಯ ಹತ್ತಿರ ಹೋದರೆ ಓಲೆ ರುಚಿಯ ನರವನ್ನು ಮೀಟಿ ಬಾಯಲ್ಲಿ ಸಿಹಿ ಬಿಡುತ್ತದೆ. ದೂರ ಹೋದರೆ ಕಹಿ. ಕಂಪನಿ ಅದಕ್ಕೆ ಏನೋ ಭಾರಿ ಹೆಸರಿಟ್ಟಿತ್ತು. ಹುಡುಗರು ಒಂದೇ ದಿನದಲ್ಲಿ ಬೇವು-ಬೆಲ್ಲ ಮಾಡಿಬಿಟ್ಟರು. "ಏನ್ಲೇ, ಬೆಲ್ಲ ಬಂತೋ?" "ಎಲ್ಲೀದು, ಮುಂಜಾನಿಂದ ಬರೇ ಬೇವು."

ನನಗೊಂದು ಕೊಡಿ ಅಂತ ಕೇಳಿದ್ದಕ್ಕೆ ಸ್ಟೋರಿನವನು ಹಲ್ಲು ಕಿರಿದ. "ನಿನಗ ಗುರಿ ಯಾಕಲೇ? ನಿನಗ ವಿಳಾಸ ಸಾಕು."

ಆ ವರ್ಷದ ಗುರಿ 'ಅನಗತ್ಯ ಓಡಾಟ' ಅರ್ಧಕ್ಕೆ ಇಳಿಸುವುದು. ಮೊದಲ ಕೂಗಿಗೆ ನಾನು ಹೋದಾಗ ಬಹಳ ಸಲ ಬರೀ ಫಿಲ್ಟರಿನ ಧೂಳು ಕೊಡವಿ ಬರುತ್ತಿದ್ದೆ. ಅದು ಕಂಪನಿಯ ಲೆಕ್ಕದಲ್ಲಿ ದಂಡ. ಧೂಳು ಕೊಡವಿದ್ದಕ್ಕೇ ಜೀವ ಉಳಿಯಿತು ಅಂತ ಬರೆಯಲು ಆ ಲೆಕ್ಕದಲ್ಲಿ ಮನೆಯೇ ಇರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಕೂಗು ಬರುತ್ತಿದ್ದದ್ದು ಕಡಿಮೆ ಬಾಡಿಗೆಯ 'ಸಾದಾ' ಯಂತ್ರದವರಿಂದ. ಅವರ ಮನೆಗಳೇ ಧೂಳಿನ ರಸ್ತೆಗಳಲ್ಲಿ ಇರುವುದು.

ಶ್ರಾವಣದಲ್ಲಿ ಅಕ್ಕ ಹೋಳಿಗೆ ಮಾಡಿ ನನ್ನನ್ನೂ ಕರೆದಳು. ಮಾಮಾ ಒಂದು ತುತ್ತು ತಿಂದು ಅವಳ ಮುಖ ನೋಡಿದ.

"ಬೆಲ್ಲ ಹಾಕೋದು ಮರತೀಯೇನ?"

ಅಕ್ಕ ಅವನ ತಾಟಿನಿಂದಲೇ ಚೂರು ಮುರಿದು ಬಾಯಿಗಿಟ್ಟುಕೊಂಡಳು. "ಬೆಲ್ಲ ಐತ್ರಿ. ನಿಮ್ಮ ಬಾಯಿ ಎಲ್ಲೈತಿ?"

ದಿನವಿಡೀ ನರ ಮೀಟಿಸಿಕೊಂಡ ನಾಲಿಗೆಗೆ ಮನೆಯ ಸಿಹಿ ಮಣ್ಣಿನಂತಾಗಿತ್ತು. ಊಟ ಅರ್ಧಕ್ಕೇ ಬಿಟ್ಟು ಎದ್ದು ಲ್ಯಾಪ್‌ಟಾಪು ಬಿಚ್ಚುತ್ತಿದ್ದ, ಬಾಯಿ ಸಿಹಿ ಮಾಡಿಕೊಳ್ಳಲು. ಅಕ್ಕ ನನ್ನೊಡನೆ ಜಗಳಾಡುವಳು, ನಾನೇ ಓಲೆ ತಂದವನಂತೆ. "ಮನ್ಯಾಗ ಯಾರೋ ಬಾಡಿಗಿಗೆ ಇದ್ದಂಗ ಆಗೇತಿ ನನಗ. ಅದನ್ನ ಕಿವಿಯಿಂದ ಕಿತ್ತ ದಿನ ಅವರು ಮತ್ತ ಅವರ ಆಗ್ತಾರಲ್ಲ? ಆಗ್ತಾರಲ್ಲೋ ಯಮನ್ಯಾ?"

"ಆಗ್ತಾರಕ್ಕಾ. ಮಾಮಾ ಬಂಗಾರದಂಥಾ ಮನಶ್ಯಾ. ಕೆಟ್ಟದ್ದು ಆ ಗುಂಡಿ," ಅಂದಿದ್ದೆ. ಆಣೆ ಬೇಕಾದರೂ ಮಾಡುತ್ತಿದ್ದೆ.

*

ದಸರೆ ಬಂತು. ನಮ್ಮ ಕಡೆ ಖಂಡೇಪೂಜೆ ಅಂದರೆ ಆಯುಧ ಮುಟ್ಟುವಂತಿಲ್ಲ. ಕುಂಬಾರನ ತಿಗರಿಯೂ ನಿಲ್ಲಬೇಕು, ಕಂಪ್ಯೂಟರೂ ನಿಲ್ಲಬೇಕು. ಪೂಜೆಗಿಟ್ಟದ್ದನ್ನು ಮರುದಿನ ಸಂಜೆ ಬನ್ನಿ ಮುಡಿದ ಮೇಲೆಯೇ ಎತ್ತುವುದು. ಆಫೀಸಿನ ಪೂಜೆಯ ಹೊಣೆ ಪ್ರತಿ ವರ್ಷ ನನ್ನದು. ಹಿಂದಿನ ಸಂಜೆಯೇ ಎಲ್ಲರಿಂದ ಓಲೆ ಇಸಿದುಕೊಂಡೆ, ಮೇಣ ಒರೆಸಿದೆ, ಹಿತ್ತಾಳೆ ತಟ್ಟೆಯಲ್ಲಿ ಸಾಲಾಗಿ ಇಟ್ಟೆ. "ಇವತ್ತೊಂದು ದಿನಾ ಕಿವಿಗೆ ಗಾಳಿ ಆಡ್ಲಿ," ಅಂತ ಹುಡುಗರು ಕಿವಿ ತಿಕ್ಕಿಕೊಂಡರು.

ಹಬ್ಬದ ಮುಂಜಾನೆ ಪೂಜೆಗೆ ಮೊದಲು ಫಕೀರವ್ವನ ಮನೆಗೆ ಹೋಗಿ, ಯಂತ್ರ ಒರೆಸಿ, ಅದಕ್ಕೂ ಒಂದು ಚೆಂಡುಹೂವು ಸಿಕ್ಕಿಸಿ ಬಂದೆ. ಆಮೇಲೆ ಆಫೀಸಿನಲ್ಲಿ ತಟ್ಟೆಗೆ ವಿಭೂತಿ ಹಚ್ಚಿ, ಕುಂಕುಮ ಎರಚಿ, ಕಾಯಿ ಒಡೆದೆವು. ಎಲ್ಲ ಕಂಪ್ಯೂಟರುಗಳಿಗೂ ಹಾರ ಬಿತ್ತು, ಒಂದನ್ನು ಬಿಟ್ಟು. ರೋಗಿಗಳ ಉಸಿರಿಗೆ ಹಬ್ಬವಿಲ್ಲವಲ್ಲ. ಆ ಒಂದರ ಮುಂದೆ ಯಾರಾದರೂ ಕೂರಲೇಬೇಕಿತ್ತು.

"ನೀವೆಲ್ಲಾ ಮನಿಗೆ ಹೋಗ್ರಿ. ನಾ ಕೂಡ್ತೇನಿ," ಅಂದ ಮಾಮಾ. ಎಂಥಾ ದೊಡ್ಡ ಮನಸ್ಸು ಅಂತ ಹುಡುಗರು ಕಾಲು ಮುಟ್ಟುವುದೊಂದು ಬಾಕಿ. ನನಗೂ ಹೆಮ್ಮೆ.

ಮರುದಿನ, ವಿಜಯದಶಮಿಯ ಮಧ್ಯಾಹ್ನ, ಆಫೀಸಿನ ದೊಡ್ಡ ಗಂಟೆ ಹೊಡೆಯಿತು ಅಂತ ಮಾಮಾನ ನಂತರ ಪಾಳಿಗೆ ಬಂದಿದ್ದ ಹುಡುಗ ಫೋನು ಮಾಡಿದ. ಫಕೀರವ್ವನ ಯಂತ್ರ ಪೂರ್ತಿ ನಿಂತಿತ್ತು.

ನಾನು ಗಾಡಿ ಹೇಗೆ ಓಡಿಸಿದೆನೋ ದೇವರಿಗೇ ಗೊತ್ತು. ಯಲ್ಲವ್ವ ಮೊರದಿಂದ ತಾಯಿಗೆ ಗಾಳಿ ಬೀಸುತ್ತಿದ್ದಳು. ಬೀಸುತ್ತಲೇ ಇದ್ದಳು. ಆಯಿಯ ತುಟಿ ನೇರಳೆ ಹಣ್ಣು ತಿಂದಂತಾಗಿತ್ತು. ಹಬ್ಬದ ದಿನ ಓಣಿಯಲ್ಲಿ ಕಸ ಗುಡಿಸಿ ಸುಣ್ಣ ಬಳಿದ ಧೂಳೆಲ್ಲ ಫಿಲ್ಟರಿಗೆ ಮೆತ್ತಿಕೊಂಡಿತ್ತು. ಯಂತ್ರ ಮುಂಜಾನೆಯಿಂದಲೇ ಏದುಸಿರು ಬಿಟ್ಟಿರಬೇಕು. ನನ್ನ ಫೋನು ಮಾತ್ರ ಜೇಬಿನಲ್ಲಿ ಸುಮ್ಮನಿತ್ತು.

"ನಿನ್ನ ಫೋನಿಗೆ ಕೂಗಲಿಲ್ಲೇನೋ ತಮ್ಮಾ, ನಮ್ಮವ್ವ?" ಅಂದಳು ಯಲ್ಲವ್ವ. "ಯಾವಾಗೂ ಕೂಗತಿದ್ಲಲ್ಲ."

*

ಸಾದಾ ಯಂತ್ರಗಳ ಮೊದಲ ಕೂಗನ್ನೆಲ್ಲ ಯಾರೋ ಬಂದ್ ಮಾಡಿದ್ದರು. ಕೂಗು ಬರೆದವನು ಮಾಮಾ, ಬಂದ್ ಮಾಡಬಲ್ಲವನೂ ಅವನೊಬ್ಬನೇ. ನಾನು ಕೇಳುವ ಮೊದಲೇ ಅವನೇ ನನ್ನ ಹತ್ತಿರ ಬಂದ. ಮುಖ ಬೂದಿ ಬಳಿದಂತಿತ್ತು.

"ಹಬ್ಬಕ್ಕಿಂತ ವಾರ ಮೊದಲ ಬರದಿದ್ನೋ ಯಮನೂರಾ. ಓಲೆ ಕಿವ್ಯಾಗಿತ್ತು. ಕೂಗು ಉಳಿಸಿ ಬರದರ ಬಾಯಿ ವಿಷದಂಗ ಆಗೂದು. ತಗದರ ಬೆಲ್ಲ. ನಾ ಏನ ಬರ್ಯಾಕತ್ತೇನಿ ಅಂತನ ನನಗ ತಿಳೀಲಿಲ್ಲೋ. ನಾಲಿಗಿ ಎಳಕೊಂಡು ಹೋತು."

ನಾನು ಅವನನ್ನು ತಬ್ಬಿಕೊಂಡೆ. ಹೌದು, ತಬ್ಬಿಕೊಂಡು ಅತ್ತೆ. ಪಾಪ, ನನ್ನ ಮಾಮಾನನ್ನು ಹೀಗೆ ಮಾಡಿದರಲ್ಲ ಅಂತ.

ಎಂಜಿನಿಯರುಗಳೆಲ್ಲ ಒಂದಾಗಿ ಗದ್ದಲ ಎಬ್ಬಿಸಿದರು. ವಸುಧಾ ಮೇಡಂ ಮತ್ತೆ ಪರದೆಗಳ ಕೋಣೆಯಲ್ಲಿ ನಿಂತು, "ಇದು ತಂತ್ರಜ್ಞಾನದ ದೋಷ. ಇದರಲ್ಲಿ ಯಾವ ವ್ಯಕ್ತಿಯ ತಪ್ಪೂ ಇಲ್ಲ," ಅಂದಳು. ಓಲೆಗಳನ್ನು ಒಂದು ಡಬ್ಬಿಯಲ್ಲಿ ತುಂಬಿ ತಂದಲ್ಲಿಗೇ ಕಳಿಸಿದರು. ಕೂಗುಗಳನ್ನು ಮತ್ತೆ ಬಿಟ್ಟರು. ಮಾಮಾನನ್ನು ಎಲ್ಲರೂ ಗಾಯಾಳುವಿನಂತೆ ನೋಡಿಕೊಂಡರು, ಚಹಾ ಅವನ ಟೇಬಲ್ಲಿಗೇ ಬರತೊಡಗಿತು.

ಯಲ್ಲವ್ವನ ಮನೆಗೆ ಕಂಪನಿಯಿಂದ ಯಾರೂ ಹೋಗಲಿಲ್ಲ. ನಾನು ಹೋದೆ. "ನಮ್ಮ ಮಾಮಾಂದು ತಪ್ಪಿಲ್ಲಕ್ಕಾ. ಅವರ ಕೈಲೆ ಓಲೆ ಮಾಡಸೇತಿ," ಅಂದೆ. ಅವಳು ನನ್ನ ಮುಖ ನೋಡಿದಳು. "ನೀ ಹೇಳ್ತೀ ಅಂದರ ಖರೇ ಇರಬೇಕು ಬಿಡಪಾ. ನಮ್ಮವ್ವ ನಿನ್ನ ನಂಬಿದ್ಲು," ಅಂದಳು. ಮನುಷ್ಯನನ್ನು ಬೈಯುವ ಹಕ್ಕನ್ನೂ ಅವಳಿಂದ ಕಿತ್ತುಕೊಂಡು ಬಂದೆ, ಒಂದು ಗುಂಡಿಯನ್ನು ಬೈದುಕೋ ಅಂತ ಹೇಳಿ.

*

ನಾಲಿಗೆಗೆ ರುಚಿ ಮರಳಲು ದೀಪಾವಳಿಯವರೆಗೆ ಹಿಡಿಯಿತು. ಅಕ್ಕ ಫೋನು ಮಾಡಿದಾಗ ಅವಳ ದನಿಯೇ ಜಿಗಿಯುತ್ತಿತ್ತು. "ಇವತ್ತ ಮುಂಜಾನೆ ಚಾಕ್ಕ ಸಕ್ಕರಿ ಹೆಚ್ಚಾಗೇತಿ ಅಂದ್ರೋ! ಹೆಚ್ಚಾಗೇತಿ ಅಂದ್ರು! ಹೋಳಿಗಿ ಮಾಡ್ತೇನಿ, ಊಟಕ್ಕ ಬಾ."

ಮೂವರೂ ಅಡುಗೆಮನೆಯ ನೆಲದ ಮೇಲೇ ಕೂತೆವು, ಯಂತ್ರ ಬಿಚ್ಚಿಕೊಂಡು ಕೂತಿದ್ದ ಅದೇ ಜಾಗ. ಅಕ್ಕ ಬಿಸಿ ಹೋಳಿಗೆ ಹಾಕಿ, ತುಪ್ಪದ ಚಮಚ ಹಿಡಿದು ಗಂಡನ ಬಾಯನ್ನೇ ನೋಡುತ್ತ ನಿಂತಳು. ಮಾಮಾ ಮುರಿದ, ಅಗಿದ, ಕಣ್ಣು ಮುಚ್ಚಿದ.

"ಸಿಹಿ ಐತಿ, ದಾಕ್ಷಿ," ಅಂದ. ಅವನ ಕಣ್ಣಲ್ಲಿ ನೀರು.

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. "ಬಂದ್ರಲ್ಲಾ. ನಮ್ಮ ಮನಿಗೆ ಬಂದ್ರಲ್ಲಾ ಸಾಕು."

ಹೋಳಿಗೆಯ ದೊಡ್ಡ ತುಂಡು ಮುರಿದು ಬಾಯಿಗಿಟ್ಟೆ. ಬೆಲ್ಲ, ಏಲಕ್ಕಿ, ಬಿಸಿ ತುಪ್ಪ. ಇದೇ ರುಚಿ ನನ್ನ ಬಾಯಲ್ಲಿ ಹಿಂದೆ ಯಾವಾಗ ಇತ್ತು?

ಖಂಡೇಪೂಜೆಯ ಮುಂಜಾನೆ.

ಫಕೀರವ್ವ ತನ್ನ ಕೈಯಾರೆ ಅರ್ಧ ಹೋಳಿಗೆ ನನ್ನ ಬಾಯಿಗೆ ತುರುಕಿದ್ದಳು. ಇನ್ನರ್ಧ ಅವಳ ಬಾಯಲ್ಲಿ. ನಾನು ಅಗಿಯುತ್ತಲೇ ಪೈಪು ಚಿವುಟಿದ್ದೆ. ನನ್ನ ಜೇಬು "ಬಾರೋ ಯಮನ್ಯಾ" ಅಂತ ಕೂಗಿತ್ತು. ಅವಳು ಉತ್ತರ ಕೊಡಲು ಹೋಗಿ, ನಗೆ ಉಕ್ಕಿ, ಬಾಯಲ್ಲಿದ್ದ ಹೂರಣವೆಲ್ಲ ನನ್ನ ಅಂಗಿಯ ಮೇಲೆ ಸಿಡಿದಿತ್ತು. "ಹಬ್ಬದ ದಿನಾ ಉಗುಳಿದೆನಲ್ಲೋ," ಅಂತ ಸೆರಗಿನಿಂದ ಒರೆಸಿದ್ದಳು.

ಕೂಗಿತ್ತು. ಹಬ್ಬದ ಮುಂಜಾನೆ ಕೂಗಿತ್ತು. ಮರುದಿನ ಕೂಗಲಿಲ್ಲ. ಆ ನಡುವೆ ಓಲೆಗಳೆಲ್ಲ ನಾನೇ ಕುಂಕುಮ ಎರಚಿದ ತಟ್ಟೆಯಲ್ಲಿದ್ದವು. ಹಾರ ಬೀಳದ ಒಂದೇ ಒಂದು ಕಂಪ್ಯೂಟರಿನ ಮುಂದೆ, ಬರಿಗಿವಿಯಲ್ಲಿ, ಒಬ್ಬನೇ ಒಬ್ಬ ಕೂತಿದ್ದ.

ಬಾಯಲ್ಲಿದ್ದ ತುತ್ತನ್ನು ನೀರು ಕುಡಿದು ನುಂಗಿದೆ.

"ಮಾಮಾ, ಆಯಿ ಕೂಗು ಯಾವಾಗ ಬಂದ್ ಮಾಡಿದ್ರಿ ಅಂದ್ರಿ?"

"ಊಟದಾಗ ಅದ್ಯಾಕೋ? ಹೇಳೇನಲ್ಲ, ಹಬ್ಬಕ್ಕಿಂತ ವಾರ ಮೊದಲ."

"ಹಬ್ಬದ ದಿನಾ ಮುಂಜಾನೆ ನಾ ಪೈಪು ಚೂಟೇನಿ. ಕೂಗೇತಿ."

ಅವನ ಕೈ ತಾಟಿನ ಮೇಲೆಯೇ ನಿಂತಿತು. ಅಕ್ಕನಿಗೆ ಮೊದಲು ತಿಳಿಯಲಿಲ್ಲ. ನನ್ನನ್ನೂ ಅವನನ್ನೂ ನೋಡಿದಳು. ಚಮಚದಿಂದ ತುಪ್ಪ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಓಲೆ ನನ್ನ ತಟ್ಟ್ಯಾಗಿತ್ತು," ಅಂದೆ. "ಖಂಡೇಪೂಜಿ ದಿನಾ ಕೀಬೋರ್ಡು ಮುಟ್ಟಿದವ ನೀನೊಬ್ಬನ." ಜೀವಮಾನದಲ್ಲಿ ಮೊದಲ ಸಲ ಅವನಿಗೆ ಏಕವಚನ ಹಚ್ಚಿದೆ. ಅವನೂ ಅದನ್ನು ಕೇಳಿಸಿಕೊಂಡ.

"ರೀ, ಅಂವ ಏನ ಅನ್ನಾಕತ್ತಾನ?" ಅಂದಳು ಅಕ್ಕ. "ಹೇಳ್ರಿ. ಓಲೆ ಇತ್ತೋ ಇಲ್ಲೋ?"

ಮಾಮಾ ಅವಳತ್ತ ನೋಡಲಿಲ್ಲ. ನೆಲದ ಮೇಲಿನ ತುಪ್ಪ ನೋಡುತ್ತ ಮಾತಾಡಿದ. "ಹಬ್ಬ ಮುಗದ ಕೂಡಲೇ ಮೇಡಂ ಮುಂದ ಎಲ್ಲಾ ಊರಿನ ಆಫೀಸಿನವರದೂ ಓಡಾಟದ ಲೆಕ್ಕ ತೋರಸೂದಿತ್ತು. ಬೆಳಗಾವಿ ಹುಡುಗರದು ಇಳದಿತ್ತು. ನಮ್ಮದು ಇಳದಿರಲಿಲ್ಲ. ಹೊಸಾ ಹುದ್ದಿ ಒಬ್ಬರಿಗೇ ಅಂದಿದ್ಲು. ಎರಡು ದಿನದ ಮಾತಂತ ತಿಳದೆ. ತೋರಿಸಿ ಮತ್ತ ಬಿಡೂಣು, ಎರಡು ದಿನದಾಗ ಏನಾಗ್ತೈತಿ ಅಂತ..."

"ಅವತ್ತ ನಿನ್ನ ಬಾಯಾಗ ಏನಿತ್ತು? ಬೇವೋ ಬೆಲ್ಲೋ?"

"ಏನೂ ಇರಲಿಲ್ಲ."

"ಏನೂ?"

"ಸಪ್ಪಗಿತ್ತು," ಅಂದ. ಆಮೇಲೆ, ಯಾರೂ ಕೇಳದಿದ್ದರೂ, ತಾನೇ ಹೇಳಿದ. "ಬಂದ್ ಮಾಡಿ, ಓಡಾಟದ ಗೆರಿ ಕೆಳಗ ಇಳದದ್ದು ನೋಡಿದ ಮ್ಯಾಲ ಸಿಹಿ ಬಂತು."

ಓಲೆ ಅವನನ್ನು ಕೆಡಿಸಿದ್ದರೆ ನಾನು ಅವನನ್ನು ಹೊತ್ತು ತಿರುಗುತ್ತಿದ್ದೆ. ಕಂಪನಿಯ ಗುರಿ ಅವನ ತಲೆಯೊಳಗೆ ತಾನೇ ಹಾಸಿಗೆ ಹಾಸಿಕೊಂಡಿತ್ತು. ಕೂಗು ನಾವಿಬ್ಬರೂ ಇದೇ ನೆಲದ ಮೇಲೆ ಹುಟ್ಟಿಸಿದ್ದು. ಅದರ ಗಂಟಲು ಒತ್ತಿ, ಆಮೇಲೆ ನನ್ನ ಹೆಗಲ ಮೇಲೆ ಅತ್ತು, ನನ್ನನ್ನೇ ಸತ್ತವಳ ಮನೆಗೆ ಸುಳ್ಳು ಹೇಳಲು ಹೋಗಗೊಟ್ಟ.

ನಾನು ಫೋನು ತೆಗೆದು ನೆಲದ ಮೇಲಿಟ್ಟೆ. ಫಕೀರವ್ವನ ಹೆಸರು ಇನ್ನೂ ಅದರಲ್ಲಿತ್ತು. ಅಳಿಸಲು ಮನಸ್ಸಾಗಿರಲಿಲ್ಲ. ಒತ್ತಿದೆ.

"ಬಾರೋ ಯಮನ್ಯಾ, ಉಸಿರ ಸಾಲವಲ್ತು!"

ಅಡುಗೆಮನೆ ತುಂಬ ಅವಳ ದನಿ. ಜೋರು ದನಿ. "ಬಾರೋ ಯಮನ್ಯಾ, ಉಸಿರ ಸಾಲವಲ್ತು!" ಮತ್ತೆ. ಮತ್ತೆ.

ಮಾಮಾನ ಕೈ ಮುಂದೆ ಬಂತು. ನನ್ನತ್ತ ಅಲ್ಲ, ಅಕ್ಕನತ್ತ ಅಲ್ಲ. ಫೋನಿನತ್ತ, ಅದನ್ನು ಬಂದ್ ಮಾಡಲು.

ಅಕ್ಕ ಚಮಚದಿಂದ ಆ ಕೈಯನ್ನು ತಡೆದಳು. "ಮುಟ್ಟಬ್ಯಾಡ್ರಿ," ಅಂದಳು. "ಕೂಗಲಿ."

ಆಮೇಲೆ ಬಗ್ಗಿ, ಅವನ ಮುಂದಿನ ಹೋಳಿಗೆಯ ತಾಟು ಎತ್ತಿಕೊಂಡು, ಬಾಗಿಲಾಚೆ ಆಕಳಿಗೆ ಇಡುವ ಬೋಗುಣಿಗೆ ಸುರಿದಳು. ಕೂಗು ನಿಲ್ಲಲಿಲ್ಲ. ಅದು ನಿಲ್ಲುವುದು ಹೇಗೆ ಅಂತ ಮೂವರಿಗೂ ಗೊತ್ತಿತ್ತು, ಮೂವರೂ ಸೇರಿ ಮಾಡಿದ್ದಲ್ಲವೇ.

ನಾನು ಗಾಡಿಯ ಕೀಲಿ ತಗೊಂಡೆ. ಯಲ್ಲವ್ವ ಈ ಹೊತ್ತಿಗೆ ಮನೆಯಲ್ಲೇ ಇರುತ್ತಾಳೆ. 'ಹೊರಟೆ' ಅಂತ ಒತ್ತಿದೆ.